ಬ್ಯುರೆಟ್ ತೊಳಿಯೋನು

ಸಿಇಟಿ ಹಿಂದಿನ ದಿನ, ಸಂಜಿ,
ಬೆಂಚಿಗೆ ನಂಬರ್ ಚೀಟಿ ಅಂಟಿಸ್ತಿದ್ದೆ.
ಮೈದಾ ಅಂಟು ಬಿಸಿಲಿಗೆ ಅರ್ಧಕ್ಕ ಒಣಗಿ
ಬೆರಳಿಗೇ ಹತ್ತೋದು, ಬೆಂಚಿಗಲ್ಲ.
ರಾಯಚೂರಾಗ ಏಪ್ರಿಲ್ ಅಂದ್ರ
ನಳದ ನೀರೂ ಕುದ್ದೇ ಬರ್ತದ.

ಬಾಗಲದಾಗ ಒಬ್ಬ ಹುಡುಗಿ.
ಅಮರಮ್ಮ ಅಂತ, ಮಸ್ಕಿ ಆಚೆ ಊರು,
ರೂಮ್ ನೋಡಾಕ ಬಂದಾಳ. ಸೋದರಮಾವ
ಗೇಟಿನ ಹತ್ರ ಬೀಡಿ ಹಚ್ಚಿ ನಿಂತಾನ.
ನಂಬರ್ ನೋಡಿದ್ಲು, ಕಿಟಕಿ ನೋಡಿದ್ಲು, ಫ್ಯಾನ್ ನೋಡಿದ್ಲು
(ತಿರುಗ್ತದ, ಗಾಳಿ ಬರಂಗಿಲ್ಲ, ಅಂದೆ).
ಹೋಗಲಿಲ್ಲ.

"ಅದು ಲ್ಯಾಬೇನ್ರೀ?"
ಎದುರಿನ ಖೋಲಿ ಕಡೆ ಕೈ ಮಾಡಿದ್ಲು.
ಹ್ಞೂಂ, ಅಂದೆ.
"ನಮ್ಮ ಕಾಲೇಜಿನ್ಯಾಗ ಲ್ಯಾಬಿಗೆ ಕೀಲಿ ಹಾಕ್ಯಾರ್ರಿ,
ಒಳಗ ಮುರಿದ ಬೆಂಚು ಒಟ್ಯಾರ.
ಪುಸ್ತಕದಾಗ ಬರ್ದಾರ, ತಿಳಿಗುಲಾಬಿ ಅಂತ.
ತಿಳಿ ಅಂದ್ರ ಎಷ್ಟು ತಿಳಿ ರೀ?"

ಇಪ್ಪತ್ತೊಂಬತ್ತು ವರ್ಷ ಆತು ಬ್ಯುರೆಟ್ ತೊಳಿಯಾಕ ಹತ್ತಿ,
ಎಂಟನೇತ್ತ ತನಕ ಓದಿದವ ನಾನು, ಖಾಜಾಸಾಬ.
ಡಾಕ್ಟರ್ ಆದವರು, ಇಂಜಿನಿಯರ್ ಆದವರು,
ನನ್ನ ಕೈಯಾಗಿಂದ ಪಿಪೆಟ್ ಇಸ್ಕೊಂಡವರು,
ಒಡದದ್ದಕ್ಕ ದಂಡ ಕಟ್ಟಿದವರು,
ಯಾರೂ ಇದನ್ನ ಕೇಳಿರಲಿಲ್ಲ.

ಸಾಹೇಬರು ಕೀಲಿ ಕೊಟ್ಟದ್ದು ಬೆಂಚು ಎಣಿಸಾಕ.
ಆದ್ರೂ ತಗದೆ.

ಹೊಟ್ಟಿ ಅಗಲ ಕೊಳ್ಳು ಸಣ್ಣ ಇರೋ ಫ್ಲಾಸ್ಕಿನ್ಯಾಗ
ಆಮ್ಲ, ಹತ್ತು ಎಮ್ಮೆಲ್ಲು.
ಫಿನಾಲ್ಫ್ತಲೀನ್ ಎರಡು ಹನಿ. ಆ ಹೆಸರು
ನನ್ನ ನಾಲಗಿಗೆ ಇನ್ನೂ ತಿರುಗಂಗಿಲ್ಲ,
ಕೈಗೆ ಗೊತ್ತದ.
ಎಡಗೈ ಸುತ್ತಿ ನಲ್ಲಿ ಹಿಡಿ, ಬಲಗೈಲೆ ತಿರುವು,
ಅವಸರ ಬ್ಯಾಡ ತಂಗಿ.
ಹನಿ ಬಿದ್ದಲ್ಲಿ ಬಣ್ಣ ಬರ್ತದ, ತಿರುವಿದ್ರ ಹೋಗ್ತದ,
ಹೊಸ ಸೊಸಿ ಮಾರಿ ಮ್ಯಾಲಿನ ನಗಿ ಹಂಗ.
ಒಂಬತ್ತು ಚಿಲ್ಲರ ಆದ ಮ್ಯಾಲೆ ಅಂದೆ, ಈಗ ಅರ್ಧ ಹನಿ.
"ಅರ್ಧ ಹನಿ ಹ್ಯಾಂಗ್ರೀ?"
ತುದಿಗೆ ತೂಗಲಿ, ಬೀಳಾಕ ಬಿಡಬ್ಯಾಡ,
ಗಾಜಿನ ಗೋಡಿಗೆ ಮುಟ್ಟಿಸಿ ನೀರಿಲೆ ಇಳಿಸು.

ಮುಟ್ಟಿಸಿದ್ಲು.
ಬಂತು.
ಬಂದದ್ದು ನಿಂತಿತು.

ಫ್ಲಾಸ್ಕ್ ಎತ್ತಿ ಕಿಟಕಿ ಕಡೆ ಹಿಡಿದ್ಲು.
ಹೊರಗ ಕೋಟೆಗುಡ್ಡದ ಕಲ್ಲೆಲ್ಲ ಕೆಂಪಾಗಿತ್ತು,
ಆ ಕೆಂಪಿಗೂ ಇದಕ್ಕೂ ಸಂಬಂಧ ಇರಲಿಲ್ಲ.
"ಇಷ್ಟೇ ಏನ್ರೀ," ಅಂದ್ಲು, ಸಣ್ಣ ಧ್ವನಿಲೆ.
ಇಷ್ಟೇ. ಇನ್ನೊಂದು ಹನಿ ಬಿಟ್ರ ಕೆಟ್ಟಂಗ.

ಮರುದಿನ ಗಂಟಿ ಹೊಡಿಯೋ ಪಾಳಿ ನಂದು,
ಬೇವಿನ ಗಿಡಕ್ಕ ಕಟ್ಟಿದ ರೈಲುಕಂಬಿ ತುಂಡು.
ಬೂಟು ಹೊರಗ, ವಾಚು ಹೊರಗ, ಕಿವಿ ರಿಂಗು ಹೊರಗ.
ಎಂಬತ್ತು ನಿಮಿಷ, ಅರವತ್ತು ಪ್ರಶ್ನೆ,
ನಾಲ್ಕು ಗುಂಡಿನ್ಯಾಗ ಒಂದು ಕಪ್ಪು ಮಾಡಬೇಕು,
ಗೆರಿ ದಾಟಬಾರದು.

ವರಾಂಡಾದಾಗ ನೀರಿನ ಕ್ಯಾನ್ ಇಡಾಕ ಹೋದಾಗ ಕಂಡ್ಲು.
ಬಲಗೈಯಾಗ ಪೆನ್ನು.
ಎಡಗೈ, ಬೆಂಚಿನ ಮ್ಯಾಲೆ,
ಇಲ್ಲದ ನಲ್ಲಿ ಸುತ್ತ ಮೆತ್ತಗ ಮಡಚಿಕೊಂಡಿತ್ತು.
ಅದು ಕೆಮಿಸ್ಟ್ರಿ ಪೇಪರೋ ಫಿಸಿಕ್ಸೋ, ನೆನಪಿಲ್ಲ.

ಎಷ್ಟು ಬಂದ್ವೋ, ಯಾವ ಸೀಟು ಸಿಕ್ಕಿತೋ,
ನನಗ್ಯಾರು ಹೇಳ್ತಾರ?
ನಾನೂ ಒಂದು ಮಾತು ಅಕಿಗೆ ಹೇಳಾಕ ಮರ್ತೆ.
ಆ ರಾತ್ರಿ ಫ್ಲಾಸ್ಕ್ ತೊಳಿಲಾರದ ಬಿಟ್ಟಿದ್ದೆ,
ಇಷ್ಟು ವರ್ಷದಾಗ ಮೊದಲನೇ ಸಲ.
ಮುಂಜಾನೆ ನೋಡಿದ್ರ ಬರೀ ನೀರಿನಂಗ ಕುಂತಿತ್ತು,
ಬಣ್ಣ ಗಾಳಿ ಕುಡಿದುಬಿಟ್ಟಿತ್ತು.

ಕೊನೇ ಗಂಟಿ ಹೊಡದು ಬಂದು
ಇನ್ನೊಂದು ಹನಿ ಬಿಟ್ಟೆ, ಸುಮ್ಮನ,
ಯಾರೂ ಕೇಳಿರಲಿಲ್ಲ.
ಮತ್ತ ಬಂತು.